ಜೀವಕೋಶದಿಂದ ಜೀವಗೋಳದವರೆಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ತರಗತಿ ಮುಗಿದ ಮೇಲೆ ಬಾಗಿಲ ಬಳಿ ನಿಂತು ಕೇಳಿದವು, ಪತ್ರ ಬರೆದು ಕೇಳಿದವು, ಮಾತುಕತೆಯ ನಡುವೆ ಸುಮ್ಮನೆ ಎದ್ದು ಬಂದವು. ಸಸ್ಯ ಮತ್ತು ಪ್ರಾಣಿಗಳ ದೇಹರಚನೆಯ ಹಂತಗಳ ಬಗ್ಗೆ ಮತ್ತೆ ಮತ್ತೆ ಎದುರಾಗುವ ಇಂಥ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಒಟ್ಟು ಹಾಕಿದ್ದೇನೆ. ಮೊದಲಿನವು ಶಾಲೆಯ ಮಕ್ಕಳಿಗೂ ಸಲ್ಲುತ್ತವೆ, ಕೊನೆಯವಕ್ಕೆ ಸ್ವಲ್ಪ ತಾಳ್ಮೆ ಬೇಕು. ಯಾವ ಉತ್ತರವನ್ನಾದರೂ ಬಿಡಿಯಾಗಿ ಓದಬಹುದು.

## ಮೊದಲ ಮೆಟ್ಟಿಲುಗಳು

ಸಂಘಟನೆಯ ಹಂತಗಳು ಅಂದರೆ ನಿಜವಾಗಿ ಏನು? ಪಟ್ಟಿ ಬಾಯಿಪಾಠ ಇದೆ, ಅರ್ಥ ಆಗಿಲ್ಲ.

ಪಟ್ಟಿ ಗೊತ್ತಿರುವುದೇ: ಅಣುಗಳು, ಕಣದಂಗಗಳು (ಕೋಶದೊಳಗಿನ ಪುಟ್ಟ ಭಾಗಗಳು), ಜೀವಕೋಶ, ಅಂಗಾಂಶ, ಅಂಗ, ಅಂಗವ್ಯೂಹ, ಜೀವಿ. ಅದರಾಚೆಗೆ ಜೀವಿಸಂದಣಿ, ಜೀವಿ ಸಮುದಾಯ, ಪರಿಸರ ವ್ಯವಸ್ಥೆ, ಜೀವಗೋಳ. ಪಟ್ಟಿಯಲ್ಲಿ ಕಾಣದ್ದು ಏನೆಂದರೆ, ಒಂದು ಹಂತದಿಂದ ಮೇಲಿನದಕ್ಕೆ ಹೋದಾಗ ಕೆಳಗೆ ಇಲ್ಲದ ಒಂದು ಕೆಲಸ ಹೊಸದಾಗಿ ಸಾಧ್ಯವಾಗುತ್ತದೆ. ಹೃದಯದ ಒಂಟಿ ಸ್ನಾಯುಕೋಶ ಸಂಕುಚಿಸಬಲ್ಲದು, ಆದರೆ ರಕ್ತವನ್ನು ಒಂದೇ ದಿಕ್ಕಿಗೆ ನೂಕಲಾರದು. ಅದಕ್ಕೆ ಕೋಣೆಗಳೂ ಕವಾಟಗಳೂ ಇರುವ ಇಡೀ ಹೃದಯ ಬೇಕು. ಹೃದಯ ನೂಕೀತು, ಆದರೆ ರಕ್ತನಾಳಗಳ ಜಾಲ ಇಲ್ಲದೆ ಕಾಲ್ಬೆರಳಿನ ತುದಿಗೆ ಆಮ್ಲಜನಕ ಮುಟ್ಟಿಸಲಾರದು. ಇಂಥ ಹೊಸ ಸಾಮರ್ಥ್ಯ ಕಾಣಿಸಿಕೊಂಡ ಕಡೆಯಲ್ಲೇ ನಾವು ಗೆರೆ ಎಳೆದು 'ಹಂತ' ಎನ್ನುತ್ತೇವೆ.

ಪರೀಕ್ಷೆಯಲ್ಲಿ ಐದು ಹಂತ ಬರೀಬೇಕಾ, ಹತ್ತು ಬರೀಬೇಕಾ?

ಪ್ರಶ್ನೆ 'ದೇಹದ ಸಂಘಟನೆ' ಎಂದಿದ್ದರೆ ಜೀವಕೋಶದಿಂದ ಜೀವಿಯವರೆಗಿನ ಐದು ಸಾಕು. 'ಜೈವಿಕ ಸಂಘಟನೆ' ಎಂದಿದ್ದರೆ ಜೀವಗೋಳದವರೆಗೂ ಹೋಗಿ. ಪ್ರಕೃತಿಯಲ್ಲಿ ಹಂತಗಳ ಮೇಲೆ ಸಂಖ್ಯೆ ಬರೆದಿಲ್ಲ. ಬೇಕಾದಷ್ಟು ಸೂಕ್ಷ್ಮವಾಗಿ ಗೆರೆ ಎಳೆಯುವುದು ನಮ್ಮ ಅನುಕೂಲಕ್ಕೆ.

ಎಣಿಕೆ ಜೀವಕೋಶದಿಂದಲೇ ಯಾಕೆ ಶುರು? ಜೀವಕೋಶವೂ ಅಣುಗಳಿಂದಲೇ ಆಗಿದ್ದಲ್ವಾ?

ಆಗಿದೆ. ಆದರೆ ಆಹಾರ ತೆಗೆದುಕೊಂಡು, ಶಕ್ತಿ ಬಳಸಿ, ತನ್ನನ್ನು ತಾನೇ ದುರಸ್ತಿ ಮಾಡಿಕೊಂಡು, ತನ್ನಂಥದ್ದನ್ನೇ ಹುಟ್ಟಿಸುವುದು, ಇವೆಲ್ಲ ಒಟ್ಟಿಗೆ ಕಾಣುವ ಅತಿ ಕೆಳಗಿನ ಹಂತ ಜೀವಕೋಶ. 1665ರಲ್ಲಿ ರಾಬರ್ಟ್ ಹುಕ್ ಬೆಂಡಿನ ಚೂರಿನಲ್ಲಿ ಕಂಡದ್ದು ಸತ್ತ ಕೋಶಗಳ ಖಾಲಿ ಗೋಡೆಗಳನ್ನಷ್ಟೇ. ಎಲ್ಲ ಸಸ್ಯಗಳೂ ಕೋಶಗಳಿಂದಾಗಿವೆ ಎಂದು ಶ್ಲೈಡೆನ್ 1838ರಲ್ಲಿ, ಪ್ರಾಣಿಗಳೂ ಹಾಗೆಯೇ ಎಂದು ಶ್ವಾನ್ 1839ರಲ್ಲಿ ಹೇಳಿದರು. ಕೋಶ ಹುಟ್ಟುವುದು ಇನ್ನೊಂದು ಕೋಶದಿಂದಲೇ ಎಂಬ ಮಾತನ್ನು 1855ರಲ್ಲಿ ಗಟ್ಟಿಯಾಗಿ ಮುಂದಿಟ್ಟವರು ರುಡಾಲ್ಫ್ ವಿರ್ಕೊ.

ವೈರಸ್ಸನ್ನು ಪಕ್ಕದಲ್ಲಿಟ್ಟು ನೋಡಿದರೆ ಈ ಗೆರೆ ಇನ್ನೂ ಸ್ಪಷ್ಟವಾಗುತ್ತದೆ. ಹೊಗೆಸೊಪ್ಪಿನ ಮೊಸಾಯಿಕ್ ವೈರಸ್ಸನ್ನು 1935ರಲ್ಲಿ ವೆಂಡೆಲ್ ಸ್ಟ್ಯಾನ್ಲಿ ಉಪ್ಪಿನಂತೆ ಹರಳುಗಟ್ಟಿಸಿದರು. 1955ರಲ್ಲಿ ಫ್ರೆಂಕೆಲ್-ಕಾನ್ರಾಟ್ ಮತ್ತು ವಿಲಿಯಮ್ಸ್ ಅದೇ ವೈರಸ್ಸಿನ ಪ್ರೋಟೀನನ್ನೂ ಆರ್‌ಎನ್‌ಎಯನ್ನೂ ಬೇರೆ ಬೇರೆ ಮಾಡಿ, ಮತ್ತೆ ಬೆರೆಸಿದರು. ಅವು ತಾವಾಗಿಯೇ ಜೋಡಣೆಯಾಗಿ ಸೋಂಕು ತರಬಲ್ಲ ವೈರಸ್ಸಾದವು. ಜೀವಕೋಶವನ್ನು ಹಾಗೆ ಬಿಡಿಬಿಡಿಯಾಗಿಸಿ, ಬೆರೆಸಿ, ಮತ್ತೆ ಬದುಕಿಸಿದವರು ಯಾರೂ ಇಲ್ಲ. ಭಾಗಗಳಿದ್ದರೆ ಸಾಲದು, ಅವುಗಳ ಜೋಡಣೆ ಒಂದು ಕೋಶದಿಂದ ಇನ್ನೊಂದಕ್ಕೆ ಮುರಿಯದೆ ಸಾಗಿ ಬರಬೇಕು.

ಹಂತ ಮೇಲೆ ಹೋದಷ್ಟೂ ಗಾತ್ರ ದೊಡ್ಡದಾಗುತ್ತೆ, ಅಷ್ಟೇ ತಾನೇ?

ಒಂದೇ ಜೀವಿಯೊಳಗೆ ನೋಡಿದರೆ ಹೌದು. ಎರಡು ಜೀವಿಗಳನ್ನು ಹೋಲಿಸಿದರೆ ಈ ಲೆಕ್ಕ ಕೈಕೊಡುತ್ತದೆ. ಮೆಗಾಫ್ರಾಗ್ಮ ಎಂಬ ಕಣಜದ ಉದ್ದ ಸುಮಾರು 0.2 ಮಿಲಿಮೀಟರ್. ಅಷ್ಟರಲ್ಲೇ ಮಿದುಳು, ಕಣ್ಣು, ಕರುಳು, ರೆಕ್ಕೆ, ಸ್ನಾಯುಗಳೆಲ್ಲ ಇವೆ. ಏಕಕೋಶ ಜೀವಿಯಾದ ಪ್ಯಾರಮೀಸಿಯಂ 0.3 ಮಿಲಿಮೀಟರ್‌ವರೆಗೂ ಬೆಳೆಯಬಲ್ಲದು. ಅಂದರೆ ಇಡೀ ಅಂಗವ್ಯೂಹಗಳಿರುವ ಪ್ರಾಣಿ ಒಂದೇ ಕೋಶದ ಜೀವಿಗಿಂತ ಚಿಕ್ಕದಾಗಿರಬಹುದು. ಹಂತವನ್ನು ಅಳತೆಪಟ್ಟಿ ಹಿಡಿದು ನಿರ್ಧರಿಸುವುದಿಲ್ಲ. ಭಾಗಗಳು ಒಂದಕ್ಕೊಂದು ಏನು ಮಾಡುತ್ತಿವೆ ಎಂಬುದನ್ನು ನೋಡಿ ನಿರ್ಧರಿಸುತ್ತೇವೆ.

ಇಷ್ಟೊಂದು ಕೋಶಗಳ ಬದಲು ಒಂದೇ ಕೋಶ ಆನೆಯಷ್ಟು ಬೆಳೆದಿದ್ದರೆ ಏನಾಗ್ತಿತ್ತು?

ಹಸಿವಿನಿಂದ ಸಾಯುತ್ತಿತ್ತು. ಒಳಗೆ ಬೇಕಾದದ್ದೆಲ್ಲ ಕೋಶದ ಹೊರಮೈ ದಾಟಿಯೇ ಬರಬೇಕು. 1 ಘಟಕ ಬದಿಯ ಘನಕ್ಕೆ ಹೊರಮೈ 6, ಗಾತ್ರ 1. ಬದಿಯನ್ನು 10 ಮಾಡಿದರೆ ಹೊರಮೈ 600, ಗಾತ್ರ 1000. ಮೊದಲು ಪ್ರತಿ ಘಟಕ ಗಾತ್ರಕ್ಕೆ 6 ಇದ್ದ ಹೊರಮೈ ಈಗ 0.6ಕ್ಕೆ ಇಳಿಯಿತು.

ಇದಕ್ಕಿಂತ ಕಠಿಣವಾದದ್ದು ವಿಸರಣೆಯ ಲೆಕ್ಕ. ಅಣುಗಳು ತಾವಾಗಿ ಹರಡಿಕೊಳ್ಳುವಾಗ ದೂರ ಹತ್ತು ಪಟ್ಟಾದರೆ ಸಮಯ ನೂರು ಪಟ್ಟಾಗುತ್ತದೆ. 10 ಮೈಕ್ರೊಮೀಟರ್ ದಾಟಲು ಸಣ್ಣ ಅಣುವಿಗೆ ಸೆಕೆಂಡಿನ ಹತ್ತನೇ ಒಂದು ಭಾಗವೂ ಬೇಡ, 1 ಸೆಂಟಿಮೀಟರ್‌ಗೆ ಹಲವು ಗಂಟೆಗಳೇ ಬೇಕು. ದೊಡ್ಡ ಕೋಶಗಳು ಇಲ್ಲವೇ ಎಂದರೆ ಇವೆ, ಆದರೆ ಎಲ್ಲವೂ ಏನಾದರೊಂದು ಉಪಾಯ ಮಾಡಿಕೊಂಡಿವೆ. ನರಕೋಶದ ಎಳೆ ಒಂದು ಮೀಟರ್ ದಾಟಬಹುದು, ಆದರೆ ಅದು ತೀರಾ ಸಪೂರ. ಉಷ್ಟ್ರಪಕ್ಷಿಯ ಮೊಟ್ಟೆಯ ಹಳದಿ ಒಂದೇ ಕೋಶ, ಆದರೆ ಬಹುಪಾಲು ಬರೀ ದಾಸ್ತಾನು. ಕೇರಾ ಎಂಬ ಕೆರೆಪಾಚಿಯ ಕೋಶ ಹಲವು ಸೆಂಟಿಮೀಟರ್ ಉದ್ದ. ನಡುವೆ ದೊಡ್ಡ ರಸದಾನಿ (ದ್ರವ ತುಂಬಿದ ಚೀಲ), ಜೀವರಸವೆಲ್ಲ ಅಂಚಿಗೆ ಒತ್ತರಿಸಿಕೊಂಡು ನಿಲ್ಲದೆ ಸುತ್ತುತ್ತಿರುತ್ತದೆ. ಸಾಮಾನ್ಯ ಸೂಕ್ಷ್ಮದರ್ಶಕದಲ್ಲೇ ಈ ಓಟ ಕಾಣುತ್ತದೆ, ಅವಕಾಶ ಸಿಕ್ಕರೆ ಬಿಡಬೇಡಿ.

ಜಾತಿ, ಕುಲ, ವಂಶ ಅಂತ ಇನ್ನೊಂದು ಏಣಿ ಇದೆಯಲ್ಲ, ಎರಡೂ ಒಂದೇನಾ?

ಅಲ್ಲ. ಅದು ನಂಟಿನ ಲೆಕ್ಕ: ಯಾರು ಯಾರಿಗೆ ಎಷ್ಟು ಹತ್ತಿರದ ಬಂಧು ಎಂಬುದು. ಇದು ಜೋಡಣೆಯ ಲೆಕ್ಕ: ಯಾವುದರೊಳಗೆ ಯಾವುದು ಕೂತಿದೆ ಎಂಬುದು. ಹೃದಯ ನಿಮ್ಮೊಳಗೆ ಭೌತಿಕವಾಗಿ ಇದೆ. 'ಸಸ್ತನಿ' ಎಂಬ ವರ್ಗದೊಳಗೆ ನೀವು ಇರುವುದು ಹಾಗಲ್ಲ.

## ಅಂಗಾಂಶ ಮತ್ತು ಅಂಗ

ರಕ್ತ ಹರಿಯೋ ದ್ರವ. ಅದನ್ನು ಅಂಗಾಂಶ ಅಂತ ಹೇಗೆ ಕರೀತೀರಿ?

ಅಂಗಾಂಶಕ್ಕೆ ಗಟ್ಟಿಯಾಗಿರಬೇಕೆಂಬ ನಿಯಮವಿಲ್ಲ. ಒಂದೇ ಮೂಲದ ಕೋಶಗಳು, ಅವುಗಳ ನಡುವಿನ ದ್ರವ್ಯ, ಇವೆರಡೂ ಸೇರಿ ಹೊತ್ತ ಕೆಲಸ, ಇಷ್ಟಿದ್ದರೆ ಸಾಕು. ಪ್ರಾಣಿಗಳ ಸಂಯೋಜಕ ಅಂಗಾಂಶದಲ್ಲಿ ಕೋಶಗಳು ವಿರಳ, ನಡುವಿನ ದ್ರವ್ಯವೇ ಹೆಚ್ಚು. ಆ ದ್ರವ್ಯ ಸುಣ್ಣಗಟ್ಟಿದರೆ ಮೂಳೆ, ಬಾಗುವಂತಿದ್ದರೆ ಮೃದ್ವಸ್ಥಿ, ದ್ರವವಾಗಿದ್ದರೆ ರಕ್ತ. ಮನುಷ್ಯನ ರಕ್ತದಲ್ಲಿ ಸುಮಾರು ಶೇ 55 ಪ್ಲಾಸ್ಮಾ ಎಂಬ ದ್ರವ, ಉಳಿದದ್ದು ಕೋಶಗಳು.

ಇಲ್ಲೊಂದು ತಕರಾರು ಎತ್ತುವವರಿದ್ದಾರೆ, ಅದು ನ್ಯಾಯವೇ. ಮೂಳೆಯ ದ್ರವ್ಯವನ್ನು ಮೂಳೆಯ ಕೋಶಗಳೇ ಸ್ರವಿಸುತ್ತವೆ, ಪ್ಲಾಸ್ಮಾದ ಪ್ರೋಟೀನುಗಳಲ್ಲಿ ಹೆಚ್ಚಿನವು ಬರುವುದು ಯಕೃತ್ತಿನಿಂದ. ಹಾಗಾಗಿ ರಕ್ತ ಈ ಗುಂಪಿಗೆ ಪೂರ್ತಿ ಒಗ್ಗುವುದಿಲ್ಲ. ಆದರೂ ಭ್ರೂಣದಲ್ಲಿನ ಮೂಲ ಒಂದೇ ಆದ್ದರಿಂದ ಅದನ್ನು ಅಲ್ಲಿಯೇ ಇಟ್ಟಿದ್ದಾರೆ, ನನಗೂ ಅದೇ ಸರಿ ಎನಿಸುತ್ತದೆ.

ಸಸ್ಯ ಅಂಗಾಂಶ ಒಂದು ಪುಸ್ತಕದಲ್ಲಿ ಎರಡು ಬಗೆ, ಇನ್ನೊಂದರಲ್ಲಿ ಮೂರು. ಯಾವುದನ್ನು ನಂಬೋದು?

ಎರಡನ್ನೂ. ಕೇಳುವ ಪ್ರಶ್ನೆ ಬೇರೆ, ಹಾಗಾಗಿ ಉತ್ತರವೂ ಬೇರೆ. 'ಇನ್ನೂ ವಿಭಜನೆಯಾಗುತ್ತಿದೆಯೇ?' ಎಂದು ಕೇಳಿದರೆ ವರ್ಧನ ಅಂಗಾಂಶ ಮತ್ತು ಶಾಶ್ವತ ಅಂಗಾಂಶ ಎಂದು ಎರಡಾಗುತ್ತದೆ. 'ಎಲ್ಲಿದೆ, ಏನು ಮಾಡುತ್ತದೆ?' ಎಂದು ಕೇಳಿದರೆ ಹೊರಹೊದಿಕೆ, ನಡುವೆ ತುಂಬಿಕೊಂಡ ಆಧಾರ ಅಂಗಾಂಶ, ನೀರು ಮತ್ತು ಆಹಾರ ಸಾಗಿಸುವ ವಾಹಕ ಅಂಗಾಂಶ ಎಂದು ಮೂರಾಗುತ್ತದೆ. ಪ್ರಾಣಿಗಳ ಅನುಲೇಪಕ (ಹೊದಿಕೆ), ಸಂಯೋಜಕ, ಸ್ನಾಯು, ನರ ಎಂಬ ನಾಲ್ಕೂ ಆಕಾಶದಿಂದ ಇಳಿದು ಬಂದದ್ದಲ್ಲ. 1801ರಲ್ಲಿ ಫ್ರಾನ್ಸಿನ ವೈದ್ಯ ಬಿಷಾ ಸೂಕ್ಷ್ಮದರ್ಶಕ ಮುಟ್ಟದೆ, ಕೊಯ್ದು, ಬೇಯಿಸಿ, ಒಣಗಿಸಿ, ಕೊಳೆಸಿ ನೋಡಿ 21 ಬಗೆ ಎಣಿಸಿದ್ದರು.

ಕ್ಸೈಲಮ್ ಕೋಶಗಳು ಸತ್ತಿವೆ ಅಂತೀರಿ. ಸತ್ತದ್ದು ಹೇಗೆ ಕೆಲಸ ಮಾಡುತ್ತೆ?

ಸತ್ತಿರುವುದರಿಂದಲೇ ಮಾಡುತ್ತದೆ. ಕ್ಸೈಲಮ್ ಎಂದರೆ ನೀರು ಸಾಗಿಸುವ ವಾಹಕ ಅಂಗಾಂಶ. ಎಳೆಯ ನಾಳಕೋಶ ಮೊದಲು ಉದ್ದವಾಗುತ್ತದೆ. ಆಮೇಲೆ ಒಳಗಿನಿಂದ ಗೋಡೆಗೆ ಲಿಗ್ನಿನ್ ಎಂಬ ಗಟ್ಟಿ ಪದಾರ್ಥವನ್ನು ಬಳಿದುಕೊಳ್ಳುತ್ತದೆ, ಒಂದೇ ಸಮನಾಗಿ ಅಲ್ಲ, ಬಳೆಗಳಂತೆಯೋ ಸುರುಳಿಯಂತೆಯೋ. ಗೋಡೆ ಗಟ್ಟಿಯಾದ ಮೇಲೆ ರಸದಾನಿ ಒಡೆದು ಅದರೊಳಗಿನ ಕಿಣ್ವಗಳು ಕೋಶಕೇಂದ್ರ ಸಮೇತ ಎಲ್ಲವನ್ನೂ ಜೀರ್ಣಿಸಿಬಿಡುತ್ತವೆ. ಮೇಲೂ ಕೆಳಗೂ ಇದ್ದ ಅಡ್ಡಗೋಡೆಗಳು ಕರಗುತ್ತವೆ. ಒಂದರ ಮೇಲೊಂದು ನಿಂತ ಕೋಶಗಳು ಈಗ ತಡೆಯಿಲ್ಲದ ಕೊಳವೆ. ಜೀವರಸ ಉಳಿದಿದ್ದರೆ ನೀರಿನ ದಾರಿಗೆ ಅದೇ ಅಡ್ಡಿಯಾಗುತ್ತಿತ್ತು. ಎಲೆಗಳಿಂದ ಆವಿಯಾಗುವ ನೀರು ಕೆಳಗಿನ ನೀರಿನ ಕಂಬವನ್ನು ಸೆಳೆಯುತ್ತದೆ, ಆ ಸೆಳೆತಕ್ಕೆ ಕೊಳವೆ ಒಳಕ್ಕೆ ಕುಸಿಯದಂತೆ ಲಿಗ್ನಿನ್ ಬಳೆಗಳು ತಡೆಯುತ್ತವೆ. ಕೋನಿಫರ್ ಮರಗಳಲ್ಲಿ ಅಡ್ಡಗೋಡೆ ಪೂರ್ತಿ ಕರಗದೆ ಪಕ್ಕದ ಸಣ್ಣ ರಂಧ್ರಗಳ ಮೂಲಕ ನೀರು ದಾಟುತ್ತದೆ, ಆದರೆ ಕೋಶಗಳು ಸತ್ತಿರುವುದು ಅಲ್ಲಿಯೂ ನಿಜ. ಕ್ಯಾಲಿಫೋರ್ನಿಯದ ರೆಡ್‌ವುಡ್ ಮರ 115 ಮೀಟರ್ ದಾಟಿ ನೀರೇರಿಸುವುದು ಹೀಗೆ.

ಆಹಾರ ಸಾಗಿಸುವ ಫ್ಲೋಯಂ ಇದಕ್ಕೆ ತದ್ವಿರುದ್ಧ. ಅದರ ಜರಡಿ ಕೊಳವೆಯ ಕೋಶ ಕೋಶಕೇಂದ್ರ ಕಳೆದುಕೊಂಡರೂ ಬದುಕಿರುತ್ತದೆ, ಪಕ್ಕದ ಸಂಗಾತಿ ಕೋಶ ಅದರ ಸಂಸಾರ ನೋಡಿಕೊಳ್ಳುತ್ತದೆ. ಸತ್ತ ಕೋಶಗಳಿಂದ ಕೆಲಸ ತೆಗೆಯುವುದು ಸಸ್ಯಗಳ ಚಾಳಿ ಮಾತ್ರವೂ ಅಲ್ಲ. ನಮ್ಮ ಚರ್ಮದ ಹೊರಪದರ, ಉಗುರು, ಕೂದಲು ಎಲ್ಲ ಅದೇ.

ಎಲೆ ಅಷ್ಟು ತೆಳ್ಳಗಿರುತ್ತೆ. ಅದು ಅಂಗವೋ, ಬರೀ ಅಂಗಾಂಶವೋ?

ಅಂಗವೇ. ಎಲೆಯನ್ನು ಅಡ್ಡಕ್ಕೆ ಸೀಳಿ ಸೂಕ್ಷ್ಮದರ್ಶಕದಡಿ ಇಟ್ಟರೆ ಸಂಶಯ ಉಳಿಯುವುದಿಲ್ಲ. ಮೇಲ್ಗಡೆ ಮೇಣದ ಲೇಪವಿರುವ ಹೊರಪದರ, ಅದರ ಕೋಶಗಳಲ್ಲಿ ಸಾಮಾನ್ಯವಾಗಿ ಹಸಿರಿಲ್ಲ, ಬೆಳಕು ಗಾಜಿನೊಳಗೆ ಹಾದಂತೆ ಹಾದುಹೋಗುತ್ತದೆ. ಅದರ ಕೆಳಗೆ ಕಂಬಗಳಂತೆ ಒತ್ತಾಗಿ ನಿಂತ ಕೋಶಗಳು, ಒಳಗೆಲ್ಲ ಹರಿದ್ರೇಣು, ಅಂದರೆ ಬೆಳಕಿನಿಂದ ಆಹಾರ ತಯಾರಿಸುವ ಹಸಿರು ಕಣದಂಗಗಳು. ಇನ್ನೂ ಕೆಳಗೆ ಸಡಿಲವಾಗಿ ಹರಡಿದ ಕೋಶಗಳು, ನಡುನಡುವೆ ಗಾಳಿಯ ಓಣಿಗಳು. ಅವುಗಳ ಮಧ್ಯೆ ನಾಳ: ಮೇಲ್ಭಾಗದಲ್ಲಿ ಕ್ಸೈಲಮ್, ಕೆಳಭಾಗದಲ್ಲಿ ಫ್ಲೋಯಂ. ತಳದ ಹೊರಪದರದಲ್ಲಿ ಪತ್ರರಂಧ್ರಗಳು. ರಂಧ್ರದ ಎರಡು ಬದಿಯ ಕಾವಲು ಕೋಶಗಳ ಒಳಗೋಡೆ ದಪ್ಪ, ಹೊರಗೋಡೆ ತೆಳು. ನೀರು ತುಂಬಿದಾಗ ಅವು ಹೊರಕ್ಕೆ ಬಾಗಿ ಬಾಯಿ ತೆರೆಯುತ್ತದೆ, ನೀರು ಕಡಿಮೆಯಾದಾಗ ಮುಚ್ಚುತ್ತದೆ.

ಹೊದಿಕೆ, ಆಧಾರ, ವಾಹಕ ಮೂರೂ ಅಂಗಾಂಶ ಇಲ್ಲಿವೆ, ಗೊತ್ತಾದ ಕ್ರಮದಲ್ಲಿವೆ, ಸೇರಿ ಒಂದು ಕೆಲಸ ಹೊತ್ತಿವೆ. ಸಣ್ಣ ಕರುಳಿನ ಗೋಡೆಯನ್ನು ಸೀಳಿದರೂ ಇದೇ ಬಗೆಯ ಪದರಗಳು ಸಿಗುತ್ತವೆ: ಹೀರುವ ಅನುಲೇಪಕ, ಅದನ್ನು ಹೊತ್ತ ಸಂಯೋಜಕ, ನೂಕುವ ಸ್ನಾಯು, ಲಯ ಕಾಯುವ ನರ. ಕಂಬ ಕೋಶಗಳನ್ನೆಲ್ಲ ಬಿಡಿಸಿ ಒಂದು ತಟ್ಟೆಯಲ್ಲಿ ಹಾಕಿದರೆ ಬೆಳಕಿನಲ್ಲಿ ಸ್ವಲ್ಪ ಹೊತ್ತು ಸಕ್ಕರೆ ತಯಾರಿಸಿಯಾವು, ಆದರೆ ನೀರು ಉಳಿಸಿಕೊಂಡೇ ಗಾಳಿ ಒಳಬಿಟ್ಟುಕೊಳ್ಳುವ ಚೌಕಾಸಿ ಅವುಗಳಿಂದ ಆಗದು. ಅದು ಎಲೆಯ ಕೆಲಸ.

ಮನುಷ್ಯನ ದೇಹದಲ್ಲಿ ಒಟ್ಟು ಎಷ್ಟು ಅಂಗಗಳಿವೆ? ಒಂದೊಂದು ಕಡೆ ಒಂದೊಂದು ಸಂಖ್ಯೆ.

ಎಲ್ಲರೂ ಒಪ್ಪಿದ ಸಂಖ್ಯೆಯೇ ಇಲ್ಲ. ಪ್ರತಿ ಮೂಳೆಯನ್ನೂ ಅಂಗವೆಂದು ಎಣಿಸುತ್ತೀರೋ ಇಲ್ಲವೋ ಎಂಬುದರ ಮೇಲೇ ಲೆಕ್ಕ ನೂರಾರು ಆಚೀಚೆ ಆಗುತ್ತದೆ. ಕರುಳನ್ನು ಹೊಟ್ಟೆಯ ಹಿಂಗೋಡೆಗೆ ಹಿಡಿದಿಡುವ ಮೆಸೆಂಟರಿ ತುಂಡುತುಂಡಲ್ಲ, ಅಖಂಡವಾದದ್ದು, ಹಾಗಾಗಿ ಅದನ್ನು ಅಂಗವೆಂದೇ ಕರೆಯಬೇಕು ಎಂಬ ವಾದ 2016ರಲ್ಲಿ ಐರ್ಲೆಂಡಿನ ಸಂಶೋಧಕರಿಂದ ಬಂತು. ಅಂಗವ್ಯೂಹಗಳನ್ನು ಸಾಮಾನ್ಯವಾಗಿ 11 ಎನ್ನುತ್ತಾರೆ. ಮೇದೋಜ್ಜೀರಕ ಗ್ರಂಥಿಯಂಥವು ಜೀರ್ಣಾಂಗವ್ಯೂಹದಲ್ಲೂ ಹಾರ್ಮೋನು ವ್ಯೂಹದಲ್ಲೂ ಹೆಸರು ಬರೆಸಿಕೊಂಡಿವೆ.

ಸಸ್ಯಗಳಿಗೂ ಅಂಗವ್ಯೂಹ ಅಂತ ಇದೆಯಾ?

ಇದೆ, ಎರಡೇ: ಬೇರಿನದು, ಕಾಂಡದ್ದು. ಅಂಗಗಳೂ ಮೂಲತಃ ಮೂರೇ, ಬೇರು, ಕಾಂಡ, ಎಲೆ. ಹೂವಿನ ಭಾಗಗಳು ರೂಪಾಂತರಗೊಂಡ ಎಲೆಗಳು ಎಂಬ ವಿಚಾರವನ್ನು 1790ರಲ್ಲೇ ಗಯಟೆ ಬರೆದಿದ್ದರು. ಹೂವಿನ ಕೆಲವು ಜೀನುಗಳನ್ನು ಕೆಡಿಸಿದರೆ ದಳ, ಕೇಸರಗಳ ಜಾಗದಲ್ಲಿ ಎಲೆಯಂಥವೇ ಮೂಡುತ್ತವೆ. ಆದರೆ ಪ್ರಾಣಿಗಳ ಅಂಗವ್ಯೂಹದಷ್ಟು ಬಿಗಿಯಾದ ಹಂಚಿಕೆಯನ್ನು ಸಸ್ಯದಲ್ಲಿ ಹುಡುಕಿದರೆ ನಿರಾಸೆಯೇ. ಈ ಏಣಿಯನ್ನು ಕಟ್ಟಿದವರು ಪ್ರಾಣಿದೇಹವನ್ನು ಕಣ್ಣಮುಂದಿಟ್ಟುಕೊಂಡು ಕಟ್ಟಿದರು ಎಂಬುದು ಇಲ್ಲಿ ಎದ್ದು ಕಾಣುತ್ತದೆ.

## ಸಸ್ಯ ಒಂದು ಥರ, ಪ್ರಾಣಿ ಇನ್ನೊಂದು ಥರ

ಕೊಂಬೆ ಕತ್ತರಿಸಿ ನೆಟ್ಟರೆ ಗಿಡ ಬರುತ್ತೆ. ಪ್ರಾಣಿಯ ಕಾಲು ಕತ್ತರಿಸಿದರೆ ಅದರಿಂದ ಪ್ರಾಣಿ ಯಾಕೆ ಬರಲ್ಲ?

ಹೆಚ್ಚಿನವರು ಕೊಡುವ ಉತ್ತರ 'ಪ್ರಾಣಿಕೋಶಗಳಲ್ಲಿ ಪೂರ್ತಿ ಮಾಹಿತಿ ಉಳಿದಿರಲ್ಲ' ಎಂಬುದು. ಅದು ತಪ್ಪು. ಕಪ್ಪೆಮರಿಯ ಕರುಳಿನ ಕೋಶದಿಂದ ಕೋಶಕೇಂದ್ರ ತೆಗೆದು, ಕೇಂದ್ರವನ್ನು ನಾಶಮಾಡಿದ ಮೊಟ್ಟೆಯೊಳಗೆ ಇಟ್ಟು, ಈಜುವ ಮರಿಗಳನ್ನು ಪಡೆದ ಪ್ರಯೋಗವನ್ನು ಜಾನ್ ಗರ್ಡನ್ 1962ರಲ್ಲಿ ಪ್ರಕಟಿಸಿದರು. ಮಾಹಿತಿ ಅಲ್ಲೇ ಇತ್ತು. ವ್ಯತ್ಯಾಸ ಇರುವುದು ದೇಹ ಕಟ್ಟುವ ಕ್ರಮದಲ್ಲಿ.

ಪ್ರಾಣಿಯ ದೇಹದ ನಕ್ಷೆ ಭ್ರೂಣದಲ್ಲೇ ಮುಗಿದುಹೋಗುತ್ತದೆ. ಇಷ್ಟು ಕಾಲು, ಇಷ್ಟು ಕಣ್ಣು, ಒಂದು ಹೃದಯ. ಆಮೇಲೆ ನಡೆಯುವುದು ಬಹುಮಟ್ಟಿಗೆ ಹಿಗ್ಗುವುದು, ಸವೆದದ್ದನ್ನು ತುಂಬುವುದು. ಇದರ ತುದಿಯ ಉದಾಹರಣೆ ಸಿ. ಎಲಿಗನ್ಸ್ ಎಂಬ 1 ಮಿಲಿಮೀಟರ್ ಉದ್ದದ ದುಂಡುಹುಳು. ದ್ವಿಲಿಂಗಿ ಹುಳುವಿನ ಬೆಳವಣಿಗೆಯಲ್ಲಿ 1090 ದೇಹಕೋಶಗಳು ಹುಟ್ಟುತ್ತವೆ, ಅವುಗಳಲ್ಲಿ 131 ನಿಗದಿತ ಹೊತ್ತಿಗೆ ಸಾಯುತ್ತವೆ, 959 ಉಳಿಯುತ್ತವೆ. ಅದರಲ್ಲಿ ನರಕೋಶಗಳು 302. ಯಾವ ಕೋಶ ಯಾವುದರ ಮಗಳು ಎಂಬ ಪೂರ್ಣ ವಂಶಾವಳಿಯನ್ನು ಜಾನ್ ಸಲ್‌ಸ್ಟನ್ ಮತ್ತು ಸಂಗಡಿಗರು ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು ಕೂತು ಬರೆದರು. 2002ರ ನೊಬೆಲ್ ಪುರಸ್ಕಾರ ಸಲ್‌ಸ್ಟನ್, ಬ್ರೆನರ್ ಮತ್ತು ಹಾರ್ವಿಟ್ಜ್ ಅವರಿಗೆ ಸಂದಿತು.

ಮರಕ್ಕೆ ಇಂಥ ಲೆಕ್ಕವೇ ಇಲ್ಲ. ಎಷ್ಟು ಕೊಂಬೆ, ಎಷ್ಟು ಎಲೆ ಎಂದು ಯಾವ ಬೀಜದಲ್ಲೂ ಬರೆದಿಲ್ಲ. ಪ್ರತಿ ಕುಡಿಯಲ್ಲಿ, ಪ್ರತಿ ಬೇರಿನ ತುದಿಯಲ್ಲಿ ವರ್ಧನ ಅಂಗಾಂಶ ಉಳಿದಿರುತ್ತದೆ, ಅಂದರೆ ಭ್ರೂಣದ ಒಂದು ತುಣುಕು ಜೀವಮಾನವಿಡೀ ಮುಗಿಯದೆ ನಡೆಯುತ್ತಿರುತ್ತದೆ. ಕೊಂಬೆಯಲ್ಲಿ ಮೊಗ್ಗು ಇದ್ದೇ ಇದೆ, ಕೊರತೆ ಬೇರಿನದು ಮಾತ್ರ. ಕುಡಿಯಿಂದ ಕೆಳಕ್ಕೆ ಹರಿಯುವ ಆಕ್ಸಿನ್ ಹಾರ್ಮೋನು ಕತ್ತರಿಸಿದ ತುದಿಯಲ್ಲಿ ಜಮೆಯಾಗಿ, ಅಲ್ಲಿನ ಕೋಶಗಳು ಮತ್ತೆ ವಿಭಜನೆಗೆ ತೊಡಗಿ ಬೇರು ಮೂಡಿಸುತ್ತವೆ. 1958ರಲ್ಲಿ ಫ್ರೆಡರಿಕ್ ಸ್ಟೀವರ್ಡ್ ಇನ್ನೂ ಮುಂದೆ ಹೋಗಿ, ಕ್ಯಾರೆಟ್ಟಿನ ಫ್ಲೋಯಂನಿಂದ ಬಿಡಿಸಿದ ಕೋಶಗಳನ್ನು ದ್ರವದಲ್ಲಿ ಬೆಳೆಸಿ ಗಿಡಗಳನ್ನೇ ಪಡೆದರು. ಸಸ್ಯದ ಎಲ್ಲ ಕೋಶಗಳಿಗೂ ಇದು ಸಾಧ್ಯವೆಂದಲ್ಲ. ಸತ್ತ ನಾಳಕೋಶ, ಕೇಂದ್ರ ಕಳೆದುಕೊಂಡ ಜರಡಿ ಕೋಶ ಮತ್ತೆ ಹಿಂದಿರುಗಲಾರವು.

ಪ್ರಾಣಿಗಳಲ್ಲೂ ಅಪವಾದಗಳಿವೆ. ಪ್ಲನೇರಿಯ ಹುಳುವಿನ ಸಣ್ಣ ತುಂಡೂ ಇಡೀ ಹುಳುವಾಗುತ್ತದೆ, ಏಕೆಂದರೆ ಅದರ ಮೈತುಂಬ ವಿಭಜನೆಯಾಗಬಲ್ಲ ಕಾಂಡಕೋಶಗಳು ಚದುರಿವೆ. ಸ್ಯಾಲಮ್ಯಾಂಡರ್ ಎಂಬ ಬಾಲವಿರುವ ಉಭಯಚರಕ್ಕೆ ಕಾಲು ಮರಳಿ ಬೆಳೆಯುತ್ತದೆ, ಕಾಲಿಗೆ ಸ್ಯಾಲಮ್ಯಾಂಡರ್ ಬೆಳೆಯುವುದಿಲ್ಲ.

ಎಲ್ಲ ಪ್ರಾಣಿಗಳಲ್ಲೂ ಎಲ್ಲ ಹಂತಗಳೂ ಇರ್ತವಾ?

ಇಲ್ಲ. ಸ್ಪಂಜು ಪ್ರಾಣಿಗಳಲ್ಲಿ ಬಗೆಬಗೆಯ ಕೋಶಗಳಿವೆ, ನಿಜವಾದ ಅಂಗಾಂಶವಿಲ್ಲ ಎಂದೇ ಹೇಳುವುದು ರೂಢಿ. 1907ರಲ್ಲಿ ಎಚ್. ವಿ. ವಿಲ್ಸನ್ ಜೀವಂತ ಸ್ಪಂಜನ್ನು ಸಣ್ಣ ಕಣ್ಣಿನ ರೇಷ್ಮೆ ಬಟ್ಟೆಯಲ್ಲಿ ಕಟ್ಟಿ ನೀರಿನೊಳಗೆ ಹಿಂಡಿದರು. ಕೋಶಗಳು ಬಿಡಿಬಿಡಿಯಾಗಿ ಮೋಡದಂತೆ ಇಳಿದು ತಳ ಸೇರಿದವು, ತೆವಳಿದವು, ಒಂದಕ್ಕೊಂದು ಅಂಟಿಕೊಂಡು ಗಡ್ಡೆಗಳಾದವು. ದಿನಗಳು ಕಳೆದಂತೆ ಗಡ್ಡೆಗಳಲ್ಲಿ ಕಾಲುವೆಗಳು ಮೂಡಿ ಮತ್ತೆ ಸ್ಪಂಜಾಯಿತು.

ಹೈಡ್ರಾ, ಲೋಳೆಮೀನುಗಳಲ್ಲಿ ಎರಡು ಅಂಗಾಂಶ ಪದರಗಳಿವೆ, ಅಂಗಗಳು ಎನ್ನುವಂಥವು ಕಡಿಮೆ. ಚಪ್ಪಟೆ ಹುಳುಗಳಲ್ಲಿ ಅಂಗಗಳು ಬಂದವು, ರಕ್ತಪರಿಚಲನೆ ಮಾತ್ರ ಇಲ್ಲ. ಮೈ ಚಪ್ಪಟೆಯಾಗಿರುವುದರಿಂದ ಯಾವ ಕೋಶವೂ ಹೊರಮೈಯಿಂದ ದೂರವಿಲ್ಲ, ವಿಸರಣೆಯೇ ಸಾಕು. ಸಸ್ಯಗಳಲ್ಲಿ ಇದಕ್ಕೆ ಜೋಡಿ ಹಾವಸೆ: ಹೆಚ್ಚಿನವುಗಳ ಎಲೆ ಒಂದೇ ಕೋಶದಷ್ಟು ದಪ್ಪ, ಲಿಗ್ನಿನ್ ಇರುವ ಕ್ಸೈಲಮ್ ಇಲ್ಲ. ಇವನ್ನು 'ಅರ್ಧಕ್ಕೆ ನಿಂತ' ಜೀವಿಗಳು ಎಂದು ಬರೆಯುವವರನ್ನು ಕಂಡರೆ ನನಗೆ ಸಿಟ್ಟು. ತಮ್ಮ ಬದುಕಿಗೆ ಬೇಕಾದ್ದೆಲ್ಲ ಅವುಗಳಲ್ಲಿದೆ.

ಒಂದೇ ಕೋಶ ಇದ್ದೂ ಎಲೆ, ಬೇರು ಇರೋ ಸಸ್ಯ ಇದೆಯಂತೆ, ನಿಜವಾ?

ನಿಜ, ಕೌಲರ್ಪ ಎಂಬ ಸಮುದ್ರಪಾಚಿ. ನೆಲಕ್ಕೆ ಹರಡುವ ಬಳ್ಳಿ, ಕೆಳಗೆ ಬೇರಿನಂಥವು, ಮೇಲೆ ಜರಿಗಿಡದಂಥ ಎಲೆಗಳು. ಬಳ್ಳಿ ಮೀಟರುಗಟ್ಟಲೆ ಹಬ್ಬುವುದುಂಟು. ಒಳಗೆ ಅಡ್ಡಗೋಡೆಗಳೇ ಇಲ್ಲ, ಅಸಂಖ್ಯ ಕೋಶಕೇಂದ್ರಗಳು ಒಂದೇ ಜೀವರಸದಲ್ಲಿ ತೇಲುತ್ತವೆ. ಶಾಸ್ತ್ರೀಯವಾಗಿ ಇವು ನಿಜವಾದ ಎಲೆ, ಬೇರುಗಳಲ್ಲ. ಆದರೂ ಅಂಗಾಂಶದ ಮೆಟ್ಟಿಲು ಹತ್ತದೆಯೇ ಅಂಗದಂಥ ಆಕಾರ ತಲುಪಿದ್ದು ದೊಡ್ಡ ಮಾತು. ಸಸ್ಯದಲ್ಲಿ ಕೋಶಗಳು ಸೇರಿ ಗಿಡ ಆಗುವುದಿಲ್ಲ, ಗಿಡವೇ ತನ್ನನ್ನು ಕೋಶಗಳಾಗಿ ವಿಂಗಡಿಸಿಕೊಳ್ಳುತ್ತದೆ ಎಂದು 19ನೇ ಶತಮಾನದಲ್ಲಿ ಆಂಟನ್ ಡಿ ಬರಿ ವಾದಿಸಿದ್ದರು. ಸಸ್ಯಕೋಶಗಳ ಗೋಡೆಗಳನ್ನು ತೂರಿ ಜೀವರಸದ ಎಳೆಗಳು ಒಂದರಿಂದೊಂದಕ್ಕೆ ಹಾದಿರುವುದನ್ನು ನೋಡಿದರೆ ಆ ಮಾತನ್ನು ತಳ್ಳಿಹಾಕಲು ಮನಸ್ಸು ಬರುವುದಿಲ್ಲ.

## ಜೀವಿಯ ಆಚೆಗೆ

ಜೀವಿಸಂದಣಿ, ಸಮುದಾಯ, ಪರಿಸರ ವ್ಯವಸ್ಥೆ ಪ್ರತಿ ಸಲ ಕಲಸಿಹೋಗುತ್ತೆ. ನೆನಪಿಡೋಕೆ ದಾರಿ ಇದೆಯಾ?

ಒಂದೇ ಜಾಗವನ್ನು ಹಿಡಿದು ನೋಡಿ. ಅಲಾಸ್ಕದ ಅಲ್ಯೂಶನ್ ದ್ವೀಪಗಳ ಸುತ್ತಲಿನ ಕಡಲು. ಅಲ್ಲಿನ ಸಮುದ್ರ ನೀರುನಾಯಿಗಳೆಲ್ಲ ಸೇರಿ ಒಂದು ಜೀವಿಸಂದಣಿ. ಜನನ ಪ್ರಮಾಣ, ವಯಸ್ಸಿನ ಹಂಚಿಕೆ ಇವೆಲ್ಲ ಸಂದಣಿಗೆ ಇರುವ ಗುಣಗಳು, ಒಂಟಿ ನೀರುನಾಯಿಗೆ ಜನನ ಪ್ರಮಾಣ ಇರಲು ಸಾಧ್ಯವಿಲ್ಲ. ನೀರುನಾಯಿ, ಅದು ತಿನ್ನುವ ಕಡಲ ಮುಳ್ಳುಚೆಂಡು, ಮುಳ್ಳುಚೆಂಡು ಮೇಯುವ ಕೆಲ್ಪ್ ಪಾಚಿ ಎಲ್ಲ ಸೇರಿದರೆ ಸಮುದಾಯ. ಅದಕ್ಕೆ ನೀರು, ಬೆಳಕು, ಲವಣ, ಅಲೆಗಳನ್ನೂ ಸೇರಿಸಿದರೆ ಪರಿಸರ ವ್ಯವಸ್ಥೆ. ಈ ಪರಿಕಲ್ಪನೆಗೆ ಹೆಸರು ಕೊಟ್ಟವರು ಆರ್ಥರ್ ಟಾನ್ಸ್‌ಲಿ, 1935ರಲ್ಲಿ.

ತುಪ್ಪಳಕ್ಕಾಗಿ ನಡೆದ ಬೇಟೆಯಿಂದ ಹಲವು ದ್ವೀಪಗಳಲ್ಲಿ ನೀರುನಾಯಿ ಇಲ್ಲವಾಗಿತ್ತು. ಅವು ಇರುವ ದ್ವೀಪಗಳನ್ನೂ ಇಲ್ಲದ ದ್ವೀಪಗಳನ್ನೂ ಹೋಲಿಸಿ ಎಸ್ಟಸ್ ಮತ್ತು ಪಾಲ್ಮಿಸಾನೊ 1974ರಲ್ಲಿ ಬರೆದರು: ನೀರುನಾಯಿ ಇದ್ದಲ್ಲಿ ದಟ್ಟ ಕೆಲ್ಪ್, ಇಲ್ಲದಲ್ಲಿ ಮುಳ್ಳುಚೆಂಡುಗಳು ಮೇಯ್ದು ಬೋಳಾದ ಬಂಡೆ.

ಒಂದು ಜೀವಿ ಎಲ್ಲಿ ಮುಗಿಯುತ್ತೆ, ಇನ್ನೊಂದು ಎಲ್ಲಿ ಶುರು ಆಗುತ್ತೆ?

ಹಸುವಿನ ವಿಷಯದಲ್ಲಿ ಸುಲಭ. ಅಮೆರಿಕದ ಯೂಟಾದಲ್ಲಿ 'ಪಾಂಡೊ' ಎಂಬ ಆಸ್ಪೆನ್ ತೋಪಿದೆ, ಸುಮಾರು 43 ಹೆಕ್ಟೇರ್, ಸುಮಾರು 47,000 ಕಾಂಡಗಳು. ಎಲ್ಲವೂ ಒಂದೇ ಬೀಜದಿಂದ ಹುಟ್ಟಿ ಬೇರಿನಿಂದ ಚಿಗುರುತ್ತಾ ಹೋದವು. ಒಂದು ಮರವೋ, ಕಾಡೋ? ಕಡಲಲ್ಲಿ ತೇಲುವ ಫೈಸೇಲಿಯ ನೋಡಲು ಒಂದು ಲೋಳೆಮೀನು. ಆದರೆ ತೇಲುವ ಚೀಲ, ಬೇಟೆಯಾಡುವ ಎಳೆ, ಜೀರ್ಣಿಸುವ ಬಾಯಿ ಪ್ರತಿಯೊಂದೂ ಒಂದೊಂದು ಪ್ರಾಣಿಗೆ ಸಮಾನವಾದ ಘಟಕ. ಅಂಗದ ಕೆಲಸವನ್ನು ಇಲ್ಲಿ ಜೀವಿಗಳೇ ಮಾಡುತ್ತಿವೆ. ಕಲ್ಲುಹೂವು ಶಿಲೀಂಧ್ರ ಮತ್ತು ಪಾಚಿಯ ಜಂಟಿ ಸಂಸಾರ.

ನಾವೂ ಅಷ್ಟು ಒಂಟಿಯಲ್ಲ. 2016ರ ಒಂದು ಅಂದಾಜಿನಂತೆ ವಯಸ್ಕನ ದೇಹದಲ್ಲಿ ಸುಮಾರು 30 ಲಕ್ಷ ಕೋಟಿ ಮಾನವ ಕೋಶಗಳಿದ್ದರೆ, ಬ್ಯಾಕ್ಟೀರಿಯಗಳು ಸುಮಾರು 38 ಲಕ್ಷ ಕೋಟಿ. ಬ್ಯಾಕ್ಟೀರಿಯಗಳ ಒಟ್ಟು ತೂಕ ಮಾತ್ರ ಸುಮಾರು 200 ಗ್ರಾಂ.

## ಇನ್ನೂ ಆಳಕ್ಕೆ

ಪ್ರತಿ ಹಂತದಲ್ಲಿ ಹೊಸ ಗುಣ ಹುಟ್ಟುತ್ತೆ ಅಂತೀರಿ. ಎಲ್ಲಿಂದ? ಇದು ಸ್ವಲ್ಪ ಪವಾಡದ ಮಾತಿನ ಥರ ಕೇಳಿಸುತ್ತೆ.

ಪವಾಡವೇನಿಲ್ಲ, ಭಾಗಗಳ ನಡುವಿನ ಸಂಬಂಧದಿಂದ. ಸ್ನಾಯುವಿನ ಮಯೊಗ್ಲೋಬಿನ್ ಒಂದೇ ಸರಪಳಿಯ ಪ್ರೋಟೀನು, ಆಮ್ಲಜನಕವನ್ನು ಗಟ್ಟಿಯಾಗಿ ಹಿಡಿಯುತ್ತದೆ, ಸುಲಭಕ್ಕೆ ಬಿಡುವುದಿಲ್ಲ. ರಕ್ತದ ಹೀಮೊಗ್ಲೋಬಿನ್‌ನಲ್ಲಿ ಹೆಚ್ಚುಕಡಿಮೆ ಅದೇ ಬಗೆಯ ನಾಲ್ಕು ಸರಪಳಿಗಳು ಒಂದಕ್ಕೊಂದು ಒತ್ತಿಕೊಂಡಿವೆ. ಒಂದು ಸರಪಳಿ ಆಮ್ಲಜನಕ ಹಿಡಿದರೆ ಅದರ ಆಕಾರ ತುಸು ಬದಲಾಗಿ, ಉಳಿದವಕ್ಕೂ ಹಿಡಿಯುವುದು ಸುಲಭವಾಗುತ್ತದೆ. ಬಿಡುವಾಗಲೂ ಹಾಗೆಯೇ. ಶ್ವಾಸಕೋಶದಲ್ಲಿ ತುಂಬಿಕೊಂಡು ಅಂಗಾಂಶಗಳಲ್ಲಿ ಸುರಿಯುವ ಗುಣ ಬಂದದ್ದು ನಾಲ್ಕು ಸೇರಿದ್ದರಿಂದ. ಒಂಟಿ ಸರಪಳಿಯಲ್ಲಿ ಎಷ್ಟು ಹುಡುಕಿದರೂ ಅದು ಸಿಗದು.

ಕೋಶಗಳ ಮಟ್ಟದಲ್ಲಿ ಇದನ್ನು ಕಣ್ಣಾರೆ ಕಾಣಬಹುದು. ಹೃದಯದ ಸ್ನಾಯುಕೋಶಗಳನ್ನು ಬಿಡಿಸಿ ತಟ್ಟೆಯಲ್ಲಿ ಸಾಕಿದರೆ ಒಂದೊಂದೂ ತನ್ನದೇ ಲಯದಲ್ಲಿ ಮಿಡಿಯುತ್ತದೆ. ಬೆಳೆದು ಒಂದನ್ನೊಂದು ಮುಟ್ಟಿದಾಗ ಪೊರೆಗಳ ನಡುವೆ ಸಣ್ಣ ದಾರಿಗಳು ತೆರೆದು ವಿದ್ಯುತ್ ಸಂಕೇತ ದಾಟುತ್ತದೆ, ಎಲ್ಲವೂ ಒಂದೇ ತಾಳಕ್ಕೆ ಬರುತ್ತವೆ.

ಕೆಳಗಿನ ಹಂತ ಮೇಲಿನದನ್ನು ಕಟ್ಟುತ್ತೆ, ಸರಿ. ಮೇಲಿನದು ಕೆಳಗಿನದರ ಮೇಲೆ ಹಿಡಿತ ಇಟ್ಟುಕೊಳ್ಳುತ್ತಾ?

ಇಟ್ಟುಕೊಳ್ಳುತ್ತದೆ. ಗಗನಯಾತ್ರಿಗಳ ದೇಹಭಾರ ಮೂಳೆಯ ಮೇಲೆ ಬೀಳದಿದ್ದಾಗ ಸೊಂಟದಂಥ ಕಡೆ ತಿಂಗಳಿಗೆ ಶೇ 1ರ ಆಸುಪಾಸು ಮೂಳೆ ಸವೆಯುತ್ತದೆ. ಇಡೀ ದೇಹ ಏನು ಮಾಡುತ್ತಿದೆ ಎಂಬುದು ಮೂಳೆಕೋಶದ ವರ್ತನೆಯನ್ನು ಬದಲಿಸಿತು. ವಾಲಿದ ಮರ ಒಂದು ಬದಿಯಲ್ಲಿ ಬೇರೆ ಬಗೆಯ ಕಟ್ಟಿಗೆ ಬೆಳೆಸಿ ನೆಟ್ಟಗಾಗುವುದೂ ಇದೇ.

ಈ ಹಿಡಿತ ತಪ್ಪಿದಾಗ ಏನಾಗುತ್ತದೆ ಎಂಬುದಕ್ಕೆ ಕ್ಯಾನ್ಸರ್ ಇದೆ. ಅದರಲ್ಲಿ ಕೋಶ ಸಾಯುತ್ತಿಲ್ಲ, ಚೆನ್ನಾಗಿಯೇ ಬದುಕುತ್ತಿದೆ, ಅಂಗಾಂಶದ ಮಾತು ಕೇಳುತ್ತಿಲ್ಲ ಅಷ್ಟೇ. ಸಸ್ಯಗಳಿಗೂ ಗಡ್ಡೆಗಳಾಗುತ್ತವೆ. ಅಗ್ರೊಬ್ಯಾಕ್ಟೀರಿಯಂ ತನ್ನ ಡಿಎನ್‌ಎ ತುಣುಕನ್ನು ಸಸ್ಯಕೋಶಕ್ಕೆ ಸೇರಿಸಿ ಕಾಂಡದ ಬುಡದಲ್ಲಿ ಗಂಟು ಬೆಳೆಸುತ್ತದೆ. ಆದರೆ ಗೋಡೆಯಲ್ಲಿ ಸಿಕ್ಕಿಕೊಂಡ ಸಸ್ಯಕೋಶ ಕಳಚಿಕೊಂಡು ಬೇರೆಡೆಗೆ ಅಲೆಯಲಾರದು. ಹಾಗಾಗಿ ಗಂಟು ಪ್ರಾಣಿಗಳ ಕ್ಯಾನ್ಸರಿನಂತೆ ದೇಹದ ತುಂಬ ಹರಡುವುದಿಲ್ಲ.

ಭೂಮಿಯ ಮೇಲೂ ಹಂತಗಳು ಇದೇ ಕ್ರಮದಲ್ಲಿ ಒಂದಾದ ಮೇಲೊಂದು ಬಂದವಾ?

ಪಟ್ಟಿಯ ಕ್ರಮವನ್ನು ಇತಿಹಾಸದ ಕ್ರಮ ಎಂದುಕೊಂಡರೆ ಎಡವುತ್ತೇವೆ. ಸುಮಾರು 350 ಕೋಟಿ ವರ್ಷ ಹಿಂದಿನ ಸೂಕ್ಷ್ಮಜೀವಿ ಹಾಸುಗಳ ಕುರುಹು ಆಸ್ಟ್ರೇಲಿಯದ ಬಂಡೆಗಳಲ್ಲಿವೆ. ಅಂದರೆ ಪಟ್ಟಿಯ ತುದಿಯಲ್ಲಿ ಬರುವ ಸಮುದಾಯ, ಪರಿಸರ ವ್ಯವಸ್ಥೆಗಳು ಅಂಗಾಂಶಕ್ಕಿಂತ ಕೋಟ್ಯಂತರ ವರ್ಷ ಹಿರಿಯವು. ಕಣದಂಗ ಜೀವಕೋಶಕ್ಕಿಂತ ಕೆಳಗಿನ ಹಂತ, ಆದರೆ ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯ ಮತ್ತು ಹರಿದ್ರೇಣುಗಳು ಒಂದು ಕಾಲಕ್ಕೆ ಸ್ವತಂತ್ರ ಬ್ಯಾಕ್ಟೀರಿಯಗಳಾಗಿದ್ದವು. ಈ ವಾದವನ್ನು 1967ರಲ್ಲಿ ಲಿನ್ ಮಾರ್ಗುಲಿಸ್ ಮುಂದಿಟ್ಟಾಗ ನಂಬಿದವರು ಕಡಿಮೆ, ಈಗ ಅದು ಪಠ್ಯಪುಸ್ತಕದಲ್ಲಿದೆ.

ಬಹುಕೋಶ ದೇಹವೂ ಒಂದೇ ಸಲ ಹುಟ್ಟಿದ್ದಲ್ಲ. ಪ್ರಾಣಿ, ನೆಲದ ಸಸ್ಯ, ಶಿಲೀಂಧ್ರ, ಕಂದುಪಾಚಿಗಳಲ್ಲಿ ಬೇರೆ ಬೇರೆಯಾಗಿ ಹುಟ್ಟಿತು. ಹಾಗಾಗಿ ಸಸ್ಯದ ಅಂಗಾಂಶವೂ ಪ್ರಾಣಿಯ ಅಂಗಾಂಶವೂ ಒಂದೇ ಅಜ್ಜನಿಂದ ಬಂದ ಆಸ್ತಿಯಲ್ಲ, ಎರಡು ಕಡೆ ಪ್ರತ್ಯೇಕವಾಗಿ ಗಳಿಸಿದ್ದು. ವಾಲ್‌ವಾಕ್ಸ್ ಎಂಬ ಹಸಿರು ಪಾಚಿಯ ಒಂದು ಪ್ರಭೇದದಲ್ಲಿ ಸುಮಾರು 2000 ಈಜುವ ಕೋಶಗಳೂ ಸಂತಾನಕ್ಕೆಂದೇ ಮೀಸಲಾದ ಸುಮಾರು 16 ದೊಡ್ಡ ಕೋಶಗಳೂ ಇವೆ. ಅಂಗಾಂಶವಿಲ್ಲ, ಆದರೆ ಕೆಲಸದ ಹಂಚಿಕೆ ಶುರುವಾಗಿದೆ. 2012ರಲ್ಲಿ ವಿಲಿಯಂ ರ‍್ಯಾಟ್‌ಕ್ಲಿಫ್ ಮತ್ತು ಸಂಗಡಿಗರು ಯೀಸ್ಟನ್ನು ದಿನವೂ ಕೊಳವೆಯಲ್ಲಿ ತಿಳಿಯಾಗಲು ಬಿಟ್ಟು, ಬೇಗ ತಳಕ್ಕಿಳಿದವನ್ನು ಮಾತ್ರ ಮುಂದುವರಿಸಿದ ಪ್ರಯೋಗ ಪ್ರಕಟಿಸಿದರು. 60 ದಿನಗಳೊಳಗೆ ಒಂಟಿ ಯೀಸ್ಟ್ ಇದ್ದ ಕಡೆ ಹಿಮದ ಹರಳಿನಾಕಾರದ ಗೊಂಚಲುಗಳಿದ್ದವು. ತಾಯಿಕೋಶ ಮರಿಕೋಶವನ್ನು ಬಿಟ್ಟುಕೊಡದೆ ಅಂಟಿಸಿಕೊಂಡಿತ್ತು. ಗೊಂಚಲು ದೊಡ್ಡದಾದಾಗ ನಡುವಿನ ಕೆಲವು ಕೋಶಗಳು ಸಾಯುತ್ತಿದ್ದವು, ಸತ್ತ ಜಾಗದಲ್ಲಿ ಗೊಂಚಲು ಮುರಿದು ಎರಡಾಗುತ್ತಿತ್ತು.